ಹಳೆಯ ಟ್ರೇಲರಿಗೆ ಹೊಸ ವಾಸಗೃಹ: ಮಾರಬೇಕಾದುದು ಗಾಡಿಯನ್ನಲ್ಲ, ಕೆಲಸವನ್ನು

ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣವು ತುಂಗಭದ್ರೆಯ ದಂಡೆಯ ಮೇಲೆ ಹರಿಹರಕ್ಕೆ ಎದುರಾಗಿ, ಪುಣೆ-ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯ ಸಮೀಪದಲ್ಲಿದೆ. 1970ರ ದಶಕದಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಇಲ್ಲಿ ಬಂದ ತರುವಾಯ ಊರಿನ ವ್ಯವಹಾರವು ಲಾರಿ ಹಾಗೂ ಟ್ರೇಲರುಗಳೊಂದಿಗೆ ಬೆಸೆದುಕೊಂಡಿತು. ನದಿಯಾಚೆ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಲೇತ್ ಯಂತ್ರಗಳನ್ನು ನಿರ್ಮಿಸುತ್ತ, ಲೋಹಗೆಲಸ ಬಲ್ಲ ಒಂದು ತಲೆಮಾರನ್ನೇ ಈ ಭಾಗದಲ್ಲಿ ಬೆಳೆಸಿತು. ಆ ಕಾರ್ಖಾನೆ ಮುಚ್ಚಿದರೂ ಕೈಗೆ ಬಂದ ಕಸುಬು ಮುಚ್ಚಿಹೋಗಲಿಲ್ಲ. ಇಂತಹ ಕಸುಬಿಗೆ ಹೊಸ ಕೆಲಸ ಯಾವುದು ಎಂಬ ಪ್ರಶ್ನೆ ಸಣ್ಣ ಉದ್ದಿಮೆದಾರರ ಮುಂದೆ ಸದಾ ಇದೆ. ಅದಕ್ಕೊಂದು ಉತ್ತರ, ಹಳೆಯ ಟ್ರೇಲರುಗಳ ವಾಸದ ಭಾಗವನ್ನು ನವೀಕರಿಸುವ ಕೆಲಸ.

ಅಮೆರಿಕದಲ್ಲಿ ಕುದುರೆಗಳನ್ನು ಪ್ರದರ್ಶನಕ್ಕೂ ಪಂದ್ಯಕ್ಕೂ ಒಯ್ಯುವ ಟ್ರೇಲರುಗಳ ಹಿಂಭಾಗದಲ್ಲಿ ಕುದುರೆಗಳ ಕಟ್ಟೆ, ಮುಂಭಾಗದಲ್ಲಿ ಮಾಲೀಕನ ಹಾಸಿಗೆ, ಒಲೆ, ಸ್ನಾನದ ಕೋಣೆ ಇರುತ್ತವೆ. ಇಂತಹ ಗಾಡಿಗಳನ್ನು ಹಳತಾದ ಮೇಲೆ ಕಡಿಮೆ ಬೆಲೆಗೆ ಕೊಂಡು, ವಾಸದ ಭಾಗವನ್ನು ಹೊಸದಾಗಿಸಿಕೊಳ್ಳುವುದು ಅಲ್ಲಿ ಸಾಮಾನ್ಯ. ನಮ್ಮಲ್ಲಿ ಕುದುರೆ ಸಾಗಿಸುವ ವಾಹನಗಳು ಬೆಂಗಳೂರು, ಮೈಸೂರಿನ ಪಂದ್ಯದ ಮೈದಾನಗಳು ಹಾಗೂ ಕುಣಿಗಲ್ಲಿನ ಅಶ್ವಶಾಲೆಯಂತಹ ಕೆಲವೇ ಕಡೆಗಳಿಗೆ ಸೀಮಿತ. ಆದರೆ ಗಾಡಿಯೊಡನೆ ಊರೂರು ತಿರುಗುತ್ತ ದುಡಿಯುವವರಿಗೆ ಇಲ್ಲಿ ಕೊರತೆಯಿಲ್ಲ.

ಗಿರಾಕಿ ಯಾರು?

ಈ ವಿಷಯ ಬಂದೊಡನೆ ಪ್ರವಾಸೋದ್ಯಮದ ಮಾತು ಬರುತ್ತದೆ. ಕೇರಳ ಸರ್ಕಾರವು 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ಒಂದು ನೀತಿಯನ್ನು ಪ್ರಕಟಿಸಿತು. ಆದರೆ ಹಾವೇರಿ ಜಿಲ್ಲೆಯ ಸಣ್ಣ ಗ್ಯಾರೇಜು ಪ್ರವಾಸಿಯನ್ನು ನೆಚ್ಚಿಕೊಂಡು ಬಂಡವಾಳ ಹೂಡುವುದು ವಿವೇಕವೆನಿಸದು. ನಿಜವಾದ ಬೇಡಿಕೆ ದುಡಿಮೆಯ ಕಡೆಯಿಂದ ಬರಬೇಕು. ಕೊಳವೆಬಾವಿ ಕೊರೆಯುವ ರಿಗ್ ತಂಡಗಳು ತಿಂಗಳುಗಟ್ಟಲೆ ಮನೆಯಿಂದ ಹೊರಗಿರುತ್ತವೆ. ತುಂಗಭದ್ರಾ ಅಚ್ಚುಕಟ್ಟಿನ ಭತ್ತದ ಸುಗ್ಗಿಗೆ ಕಟಾವು ಯಂತ್ರಗಳೊಂದಿಗೆ ಹೊರರಾಜ್ಯದ ಚಾಲಕರು ಬರುತ್ತಾರೆ. ರಸ್ತೆ ಕಾಮಗಾರಿಯ ಕೂಲಿಕಾರರು ಸ್ಥಳದಿಂದ ಸ್ಥಳಕ್ಕೆ ಸಾಗುತ್ತಾರೆ. ಜಾತ್ರೆಯಿಂದ ಜಾತ್ರೆಗೆ ಹೋಗುವ ನಾಟಕ ಕಂಪನಿಗಳಿವೆ. ಇವರಲ್ಲಿ ಅನೇಕರು ತಾಡಪಾಲಿನ ಕೆಳಗೆ, ಕೆಲವೊಮ್ಮೆ ನಿಂತ ವಾಹನದಡಿಯಲ್ಲೇ ರಾತ್ರಿ ಕಳೆಯುತ್ತಾರೆ. ಇದರ ಅಪಾಯವನ್ನು ವಿವರಿಸಬೇಕಾಗಿಲ್ಲ.

ಕಟ್ಟಡ ಮತ್ತು ನಿರ್ಮಾಣ ಕಾರ್ಮಿಕರಿಗೆ ಕೆಲಸದ ಸ್ಥಳದಲ್ಲಿ ಅಥವಾ ಸಮೀಪದಲ್ಲಿ ಉಚಿತ ತಾತ್ಕಾಲಿಕ ವಸತಿ ಒದಗಿಸುವುದು 1996ರ ಕಾಯ್ದೆಯಂತೆಯೇ ಮಾಲೀಕನ ಹೊಣೆಯಾಗಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿಯೂ ಈ ಹೊಣೆ ಮುಂದುವರಿದಿದೆ. ವಾರಕ್ಕೊಮ್ಮೆ ಸ್ಥಳ ಬದಲಿಸುವ ಗುತ್ತಿಗೆದಾರನಿಗೆ ತಗಡಿನ ಶೆಡ್ ಕಟ್ಟಿ ಕೆಡವುವುದಕ್ಕಿಂತ ಎಳೆದೊಯ್ಯಬಹುದಾದ ವಸತಿ ಅಗ್ಗವಾದೀತು. ಈ ಕೆಲಸಕ್ಕೆ ಮಾರುಕಟ್ಟೆ ಇರುವುದು ಇಲ್ಲಿ.

ಮೊದಲು ತಳ, ಆಮೇಲೆ ಅಂದ

ಹಳೆಯ ಟ್ರೇಲರ್ ಕೊಳ್ಳುವವನು ಒಳಗಿನ ಹಾಸಿಗೆ, ಪರದೆಗಳನ್ನು ನೋಡಿ ಬೆಲೆ ಕಟ್ಟಿದರೆ ಅಲ್ಲಿಯೇ ಸೋತಂತೆ. ಪಶುಗಳನ್ನು ಸಾಗಿಸಿದ ಗಾಡಿಯಲ್ಲಿ ಗಂಜಳವು ರಬ್ಬರ್ ಹಾಸಿನ ಸಂದಿನಿಂದ ಕೆಳಗಿಳಿದು ಮರದ ಹಲಗೆಯನ್ನು ಕೊಳೆಸುತ್ತದೆ, ಅಲ್ಯೂಮಿನಿಯಂ ತಳವನ್ನೂ ತಿನ್ನುತ್ತದೆ. ಆದಕಾರಣ ಹಾಸನ್ನು ಪೂರ್ತಿ ಎತ್ತಿಸಿ, ತಳವನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಬೇಕು. ಕೆಳಗಿನಿಂದ ಚಾಸಿಯ ಬೆಸುಗೆಗಳು, ಆಕ್ಸಲ್, ಬೇರಿಂಗ್, ಬ್ರೇಕ್ ಮತ್ತು ಕೊಂಡಿಯ ಭಾಗವನ್ನು ಪರೀಕ್ಷಿಸಬೇಕು. ಟೈರಿನ ಗುಂಡಿ ಚೆನ್ನಾಗಿದ್ದರೆ ಸಾಲದು. ಅದರ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳು ತಯಾರಾದ ವಾರ ಹಾಗೂ ವರ್ಷವನ್ನು ತಿಳಿಸುತ್ತವೆ. ಬಹುಕಾಲ ನಿಂತಲ್ಲೇ ನಿಂತ ಗಾಡಿಯ ಟೈರು ಸವೆಯದೆಯೇ ಮುಪ್ಪಾಗಿರುತ್ತದೆ.

ಎರಡನೆಯದು ಛಾವಣಿ. ಜೋಡಣೆಗಳಲ್ಲಿ, ಕಿಟಕಿಯ ಅಂಚಿನಲ್ಲಿ ಇಳಿದ ನೀರು ಗೋಡೆಯ ಪ್ಲೈವುಡ್ಡಿನ ಹಿಂದೆ ವರ್ಷಗಟ್ಟಲೆ ಕಾಣದೆ ಇರುತ್ತದೆ. ಸೋರಿಕೆ ನಿಲ್ಲಿಸದೆ ಒಳಗೆ ಹೊಸ ಲ್ಯಾಮಿನೇಟ್ ಅಂಟಿಸುವುದು ಕೊಳೆಯನ್ನು ಮುಚ್ಚಿಟ್ಟಂತೆ. ಬಯಲುಸೀಮೆಯ ಏಪ್ರಿಲ್ ಬಿಸಿಲಿಗೆ ತಗಡಿನ ಛಾವಣಿಯ ಕೆಳಗೆ ಉಷ್ಣನಿರೋಧಕ ಪದರ ಮತ್ತು ಎದುರುಬದುರಾದ ಕಿಟಕಿಗಳು ಬೇಕೇ ಬೇಕು. ಇವಿಲ್ಲದ ಕೋಣೆಯನ್ನು ಬಿಟ್ಟು ಕೂಲಿಕಾರ ಮತ್ತೆ ಗಾಡಿಯಡಿಗೇ ಹೋಗಿ ಮಲಗುತ್ತಾನೆ.

ಮೂರನೆಯದು ತೂಕ. ಮನೆಯ ಬಡಗಿಗೆ ಇದರ ಅಭ್ಯಾಸವಿರುವುದಿಲ್ಲ. ಎಂಟಕ್ಕೆ ನಾಲ್ಕು ಅಡಿಯ 19 ಮಿ.ಮೀ. ಪ್ಲೈವುಡ್ ಹಾಳೆಯೊಂದು ಸುಮಾರು 35 ಕಿಲೋ ತೂಗುತ್ತದೆ. ಅಡುಗೆ ಕಟ್ಟೆಗೆ 20 ಮಿ.ಮೀ. ಗ್ರಾನೈಟ್ ಹಾಕಿದರೆ ಚದರ ಮೀಟರಿಗೆ 50 ಕಿಲೋಗೂ ಹೆಚ್ಚು. ಇನ್ನೂರು ಲೀಟರ್ ನೀರಿನ ತೊಟ್ಟಿ ತುಂಬಿದಾಗ ಇನ್ನೂರು ಕಿಲೋ. ಇವೆಲ್ಲ ಸೇರಿ ನೋಂದಣಿ ಪತ್ರದಲ್ಲಿ ನಮೂದಾದ ಒಟ್ಟು ತೂಕವನ್ನು ಮೀರಬಾರದು. ಭಾರವೆಲ್ಲ ಆಕ್ಸಲಿನ ಹಿಂದೆ ಬಿದ್ದರೆ ಟ್ರೇಲರ್ ಹೆದ್ದಾರಿಯಲ್ಲಿ ಬಾಲ ಬೀಸುವಂತೆ ತೂಗಾಡುತ್ತದೆ. ಕೆಲಸಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ತೂಕದ ಸೇತುವೆಗೆ ಒಯ್ದು ಎರಡೂ ಚೀಟಿಗಳನ್ನು ಕಡತದಲ್ಲಿಡುವುದು ಅತಿ ಅಗ್ಗದ ವಿಮೆ.

ಅನಿಲವು ಗಾಳಿಗಿಂತ ಭಾರವಾದುದರಿಂದ ಸೋರಿದಾಗ ನೆಲದಲ್ಲಿ ತಂಗುತ್ತದೆ. ಆದ್ದರಿಂದ ಸಿಲಿಂಡರಿಗೆ ಹೊರಗಿನಿಂದ ತೆರೆಯುವ ಪ್ರತ್ಯೇಕ ಗೂಡು, ತಳಮಟ್ಟದಲ್ಲಿ ಗಾಳಿಕಿಂಡಿ ಇರಬೇಕು. ಮಲಗುವ ಕೋಣೆಗೆ ಎರಡನೆಯ ಹೊರದಾರಿ ಇರಬೇಕು. ಗಾಡಿ ಚಲಿಸುವಾಗ ಒಳಗೆ ಯಾರೂ ಇರಕೂಡದು. ಅದು ನಿಂತಾಗ ಮಾತ್ರ ಮನೆ.

ಕಾಗದವೇ ಅಡಿಪಾಯ

ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರ್ ಕೂಡ ಮೋಟಾರು ವಾಹನವೇ. ತಯಾರಕನು ಮೂಲತಃ ನಿಗದಿಪಡಿಸಿದ, ನೋಂದಣಿ ಪತ್ರದಲ್ಲಿರುವ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಲು 52ನೆಯ ಕಲಮು ಅವಕಾಶ ಕೊಡುವುದಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಕಲಮನ್ನು ಕಟ್ಟುನಿಟ್ಟಾಗಿ ಅರ್ಥೈಸಿತು. 2004ರ ನವೆಂಬರ್ 5ರ ಕೇಂದ್ರ ಅಧಿಸೂಚನೆಯು ಕ್ಯಾಂಪರ್ ಟ್ರೇಲರನ್ನು ಸಾರಿಗೆ ವಾಹನಗಳ ಪಟ್ಟಿಯಲ್ಲಿಯೂ, ಖಾಸಗಿ ಬಳಕೆಯದಾದರೆ ಸಾರಿಗೆಯೇತರ ಪಟ್ಟಿಯಲ್ಲಿಯೂ ಹೆಸರಿಸಿದೆ.

ಇದರ ವ್ಯಾವಹಾರಿಕ ಅರ್ಥ ಸ್ಪಷ್ಟವಾಗಿದೆ. ವಾಸದ ಭಾಗ ಮೊದಲೇ ಇರುವ ಗಾಡಿಯ ಒಳಾಂಗಣವನ್ನು ದುರಸ್ತಿ ಮಾಡುವುದು ಬೇರೆ, ಸರಕಿನ ಟ್ರೇಲರನ್ನು ಮನೆಯಾಗಿಸುವುದು ಬೇರೆ. ಎರಡನೆಯದಾದರೆ ಒಂದು ಮೊಳೆ ಹೊಡೆಯುವ ಮುನ್ನವೇ ನಕ್ಷೆ, ತೂಕದ ವಿವರದೊಂದಿಗೆ ಸಾರಿಗೆ ಅಧಿಕಾರಿಯ ಲಿಖಿತ ಅಭಿಪ್ರಾಯ ಪಡೆಯಬೇಕು. ಮೌಖಿಕ ಒಪ್ಪಿಗೆಯನ್ನು ನಂಬಿದರೆ ಅಪಘಾತವಾದ ದಿನ ವಿಮಾ ಕಂಪನಿಯ ತಕರಾರಿಗೆ ಉತ್ತರವಿರುವುದಿಲ್ಲ.

ಲಾಭ ಎಲ್ಲಿ ಸೋರುತ್ತದೆ?

ಉದಾಹರಣೆಗೆ, ಗ್ಯಾರೇಜಿನ ಮಾಲೀಕನೊಬ್ಬ ಖಾಸಗಿ ವ್ಯಕ್ತಿಯಿಂದ ಹಳೆಯ ಟ್ರೇಲರನ್ನು 2 ಲಕ್ಷಕ್ಕೆ ಕೊಂಡು, 4 ಲಕ್ಷ ವೆಚ್ಚ ಮಾಡಿ, 7 ಲಕ್ಷಕ್ಕೆ ಮಾರಿದನೆಂದು ಭಾವಿಸಬಹುದು. ಅವನ ಲೆಕ್ಕದಲ್ಲಿ ಲಾಭ 1 ಲಕ್ಷ. ಹಳೆಯ ವಾಹನಗಳ ಮಾರಾಟದಲ್ಲಿ ವ್ಯತ್ಯಾಸದ ಮೊತ್ತದ ಮೇಲೆ ಮಾತ್ರ ಜಿ.ಎಸ್.ಟಿ. ವಿಧಿಸುವ ಪದ್ಧತಿಯಿದ್ದು, 2025ರ ಜನವರಿ 16ರಿಂದ ಅದರ ದರ ಶೇ. 18. ಆದರೆ ವ್ಯತ್ಯಾಸವೆಂದರೆ ಮಾರಾಟದ ಬೆಲೆಯಲ್ಲಿ ಖರೀದಿಯ ಬೆಲೆಯನ್ನು ಕಳೆದುಳಿದ ಮೊತ್ತ. ನವೀಕರಣದ ವೆಚ್ಚವನ್ನು ಕಳೆಯುವ ಮಾತು ಅಧಿಸೂಚನೆಯಲ್ಲಿಲ್ಲ. ಹೀಗಾಗಿ ತೆರಿಗೆ ಬೀಳುವುದು 1 ಲಕ್ಷದ ಮೇಲಲ್ಲ, 5 ಲಕ್ಷದ ಮೇಲೆ: 90,000 ರೂಪಾಯಿ. ಗಿರಾಕಿ ಇದನ್ನು ಬೇರೆಯಾಗಿ ಕೊಡದಿದ್ದರೆ ಕೈಯಲ್ಲಿ ಉಳಿಯುವುದು 10,000. ಅಲ್ಲದೆ, ಸಂಪೂರ್ಣ ರೂಪಾಂತರಗೊಂಡ ಗಾಡಿಯನ್ನು ‘ಹಳೆಯ ವಾಹನ’ವೆಂದು ಇಲಾಖೆ ಒಪ್ಪೀತೇ ಎಂಬ ವಿವಾದಕ್ಕೂ ಎಡೆಯಿದೆ.

ಇದಕ್ಕೆ ಬದಲಾಗಿ, ಟ್ರೇಲರನ್ನು ಗಿರಾಕಿಯೇ ತನ್ನ ಹೆಸರಿನಲ್ಲಿ 2 ಲಕ್ಷಕ್ಕೆ ಕೊಂಡು ಗ್ಯಾರೇಜಿಗೆ ಒಪ್ಪಿಸಲಿ. ಗ್ಯಾರೇಜು ಸಾಮಗ್ರಿ ಹಾಗೂ ಮಜೂರಿ ಸೇರಿಸಿ 5 ಲಕ್ಷದ ಬಿಲ್ಲು ಮಾಡಲಿ. ಗಿರಾಕಿಯ ಚಾಸಿಯ ಮೇಲೆ ಬಾಡಿ ಕಟ್ಟಿಕೊಡುವುದು ಸರಕಿನ ಮಾರಾಟವಲ್ಲ, ಸೇವೆ ಎಂಬುದನ್ನು 2018ರ ಆಗಸ್ಟ್ 9ರ ಕೇಂದ್ರ ಮಂಡಳಿಯ ಸುತ್ತೋಲೆ ಸ್ಪಷ್ಟಪಡಿಸಿದೆ. ಈ ತತ್ತ್ವದಂತೆ ಶೇ. 18ರ ತೆರಿಗೆಯು ಬಿಲ್ಲಿನ ಮೇಲೆ ಮೊದಲಿನಿಂದಲೇ ಬಹಿರಂಗವಾಗಿ ಇರುತ್ತದೆ. ಪ್ಲೈವುಡ್, ವೈರಿಂಗ್, ಬಣ್ಣದ ಖರೀದಿಯಲ್ಲಿ ತೆತ್ತ ತೆರಿಗೆಯನ್ನು ಗ್ಯಾರೇಜು ಜಮೆಯಾಗಿ ಪಡೆಯುತ್ತದೆ. ಗಿರಾಕಿಯು ನೋಂದಾಯಿತ ಗುತ್ತಿಗೆದಾರನಾಗಿದ್ದರೆ, ಕಾಯ್ದೆಯ ನಿರ್ಬಂಧಗಳಿಗೊಳಪಟ್ಟು, ಅವನಿಗೂ ಜಮೆಯ ಅವಕಾಶವಿದೆ. ಹಳೆಯ ಗಾಡಿಯ ಒಡೆತನ, ವರ್ಗಾವಣೆ, ಬಾಕಿ ತೆರಿಗೆಯ ತೊಡಕು ಯಾವುದೂ ಗ್ಯಾರೇಜಿನ ತಲೆಗೆ ಬರುವುದಿಲ್ಲ; ದುಡಿಮೆಯ ಬಂಡವಾಳ ಹಳೆಯ ಕಬ್ಬಿಣದಲ್ಲಿ ಸಿಕ್ಕಿಬೀಳುವುದೂ ಇಲ್ಲ. ಆದರೆ ಸೇವೆಗೆ ಜಿ.ಎಸ್.ಟಿ. ನೋಂದಣಿಯ ಮಿತಿ ವಾರ್ಷಿಕ 20 ಲಕ್ಷ ಎಂಬುದನ್ನು, ಸರಕಿನ 40 ಲಕ್ಷದ ಮಿತಿಗೆ ಒಗ್ಗಿಕೊಂಡ ವರ್ತಕರು ಮರೆಯಬಾರದು.

ಗಾಡಿ ಕೊಳ್ಳುವ ಗುತ್ತಿಗೆದಾರನಿಗೂ ಒಂದು ಎಚ್ಚರಿಕೆ ಸಲ್ಲುತ್ತದೆ. ಹಳೆಯ ವಾಹನಗಳ ವ್ಯವಹಾರ ಬಹುಮಟ್ಟಿಗೆ ನಗದಿನಲ್ಲಿ ನಡೆಯುತ್ತದೆ. 2017ರಲ್ಲಿ ಬಂದ ಆದಾಯ ತೆರಿಗೆಯ ನಿಬಂಧನೆಯಂತೆ, ಸ್ಥಿರ ಆಸ್ತಿಯ ಖರೀದಿಗೆ ಒಬ್ಬ ವ್ಯಕ್ತಿಗೆ ಒಂದು ದಿನದಲ್ಲಿ 10,000 ರೂಪಾಯಿ ಮೀರಿ ನಗದು ಕೊಟ್ಟರೆ ಆ ಮೊತ್ತ ಆಸ್ತಿಯ ವೆಚ್ಚಕ್ಕೆ ಸೇರುವುದಿಲ್ಲ. ಅಂದರೆ ಎರಡು ಲಕ್ಷವನ್ನು ಕಂತೆಯಾಗಿ ಎಣಿಸಿ ಕೊಟ್ಟವನಿಗೆ ಅದರ ಮೇಲೆ ಸವಕಳಿಯೇ ಸಿಗದು. ಹಾಗೆಯೇ ಗಾಡಿಯನ್ನು ಮೊದಲ ಬಾರಿಗೆ ಬಳಕೆಗೆ ತರಲು ಮಾಡಿದ ನವೀಕರಣವು ಬಂಡವಾಳ ವೆಚ್ಚ. ಆನಂತರದ ಬಣ್ಣ, ಟೈರು, ಸಣ್ಣಪುಟ್ಟ ದುರಸ್ತಿ ಮಾತ್ರ ಆ ವರ್ಷದ ಖರ್ಚು.

ಕುಮಾರಪಟ್ಟಣ, ಹರಿಹರ, ರಾಣೆಬೆನ್ನೂರುಗಳ ಗ್ಯಾರೇಜುಗಳಲ್ಲಿ ಬೆಸುಗೆ, ಬಡಗಿತನ, ವೈರಿಂಗ್ ಮೂರೂ ಕೈಯಳತೆಯಲ್ಲಿವೆ. ಇದಕ್ಕೆ ಮೂರು ಶಿಸ್ತುಗಳು ಸೇರಬೇಕು: ಕೊಳ್ಳುವ ಮುನ್ನ ಲಿಖಿತ ತಪಾಸಣಾ ಪಟ್ಟಿ, ಕಟ್ಟುವ ಮುನ್ನ ಸಾರಿಗೆ ಕಚೇರಿಯ ಪತ್ರ, ಆರಂಭಿಸುವ ಮುನ್ನ ಗಿರಾಕಿಯೊಡನೆ ಕರಾರು. ವಾಣಿಜ್ಯ ಸಂಸ್ಥೆಗಳು ಮುಂದೆ ಬಂದು ಸಾರಿಗೆ ಅಧಿಕಾರಿಗಳು ಹಾಗೂ ಗ್ಯಾರೇಜು ಮಾಲೀಕರನ್ನು ಒಂದೆಡೆ ಕೂಡಿಸಿ, ಯಾವ ಬದಲಾವಣೆ ಸಲ್ಲುತ್ತದೆ, ಯಾವುದು ಸಲ್ಲದು ಎಂಬ ಮಾದರಿ ಪಟ್ಟಿಯೊಂದನ್ನು ಸಿದ್ಧಪಡಿಸಿದರೆ ಸಣ್ಣ ಉದ್ದಿಮೆದಾರನಿಗೆ ಅದಕ್ಕಿಂತ ದೊಡ್ಡ ಸಹಾಯವಿಲ್ಲ. ಹಳೆಯ ಗಾಡಿಯ ಮೇಲೆ ಜೂಜಾಡುವ ಬದಲು ತನ್ನ ಕೈಗೆಲಸಕ್ಕೆ ಬೆಲೆ ಪಡೆಯುವ ದಾರಿ ಆಗ ಅವನಿಗೆ ತೆರೆಯುತ್ತದೆ. ಊರೂರು ಅಲೆದು ದುಡಿಯುವವನಿಗೆ ರಾತ್ರಿ ತಲೆಯ ಮೇಲೊಂದು ಸೂರೂ ದೊರೆಯುತ್ತದೆ.