ಕೋವಿಯ ಕಿಂಡಿಯಿಂದ ಕಡಲ ನೋಟ

ಮನೆ ಕಟ್ಟುವವರು ಸಾಮಾನ್ಯವಾಗಿ ಮೊದಲು ಯೋಚಿಸುವುದು ಗಾಳಿ ಬೆಳಕುಗಳನ್ನು. ಗ್ರೀಸ್ ದೇಶದ ಮಾನಿ ಪ್ರಾಂತದ ಹಿರಿಯರಾದರೋ, ನೆರೆಮನೆಯವನ ಗುಂಡು ಯಾವ ದಿಕ್ಕಿನಿಂದ ಬಂದೀತೆಂಬುದನ್ನು ಮೊದಲು ಯೋಚಿಸುತ್ತಿದ್ದರು. ಹೀಗೆ ಭಯವೇ ನಿಂತು ಕಟ್ಟಿಸಿದ ಮನೆಗಳು ಇಂದು ಸಿರಿವಂತ ಪ್ರವಾಸಿಗಳ ವಿಶ್ರಾಂತಿಗೃಹಗಳಿಗೆ ಮಾದರಿಯಾಗಿವೆಯೆಂದರೆ ವಾಚಕರಿಗೆ ಸೋಜಿಗವಾಗದಿರದು.

ಪೆಲೊಪೊನೀಸ್ ಪರ್ಯಾಯದ್ವೀಪವು ತೆಂಕಣ ದಿಕ್ಕಿನಲ್ಲಿ ಮೂರು ಬೆರಳುಗಳಂತೆ ಕಡಲಿಗೆ ಚಾಚಿಕೊಂಡಿದೆ. ನಡುವಣ ಬೆರಳೇ ಮಾನಿ. ನಮ್ಮ ನುಡಿಯಲ್ಲಿ ಮಾನಿಯೆಂದರೆ ಮಾನವುಳ್ಳವನು. ಆ ಹೆಸರಿಗೂ ಈ ಶಬ್ದಕ್ಕೂ ಸಂಬಂಧವೇನೂ ಇಲ್ಲ. ಆದರೆ ಅಲ್ಲಿಯ ಜನರಿಗೆ ಈ ಅರ್ಥವೂ ಚೆನ್ನಾಗಿ ಒಪ್ಪುತ್ತದೆ. ಟೈಗೆಟಸ್ ಪರ್ವತಶ್ರೇಣಿ ಇಳಿಯುತ್ತ ಹೋಗಿ ತೈನಾರೋನ್ ಭೂಶಿರದಲ್ಲಿ ಕಡಲನ್ನು ಸೇರುವ ಈ ಸೀಮೆಯಲ್ಲಿ ಕಲ್ಲು ಹೇರಳ, ಮಣ್ಣು ವಿರಳ, ನೀರು ಮತ್ತೂ ವಿರಳ. ಮಳೆಯ ನೀರನ್ನು ತೊಟ್ಟಿಗಳಲ್ಲಿ ಕೂಡಿಟ್ಟು, ಆಲಿವ್ ಮರಗಳನ್ನು ನಂಬಿ ಜನ ಬಾಳಿದರು. ಇದ್ದ ತುಂಡು ನೆಲಕ್ಕಾಗಿ, ಹೋದ ಮಾನಕ್ಕಾಗಿ, ಕುಲಕುಲಗಳು ತಲೆಮಾರುಗಟ್ಟಲೆ ಕಾದಾಡಿದವು.

ಆ ಕುಲವೈರದ ಫಲವೇ ಗೋಪುರದ ಮನೆ. ಸುಣ್ಣಕಲ್ಲಿನ ದಪ್ಪ ಗೋಡೆ. ಚೌಕವಾದ ಕಿರಿದಾದ ತಳಹದಿ. ಒಂದರ ಮೇಲೊಂದು ಮೂರು ನಾಲ್ಕು ಅಂತಸ್ತು. ಕಿಟಕಿಗಳೆಂದರೆ ಕೋವಿಯ ನಳಿಗೆಯನ್ನು ತೂರಿಸುವಷ್ಟು ಕಿಂಡಿಗಳು. ಮೇಲಣ ಅಂತಸ್ತಿಗೆ ಹತ್ತಲು ನಿಚ್ಚಣಿಕೆ. ಹತ್ತಿದ ಮೇಲೆ ಅದನ್ನೂ ಒಳಗೆಳೆದುಕೊಂಡರೆ ಶತ್ರು ಕೆಳಗೇ ಉಳಿದ. ನೆರೆಯವನ ಗೋಪುರಕ್ಕಿಂತ ತನ್ನದು ಒಂದು ಮೊಳ ಎತ್ತರವಾದರೆ ಅವನ ಮಾಡಿನ ಮೇಲೆ ಕಲ್ಲು ಉರುಳಿಸಬಹುದಾಗಿತ್ತು. ಗಂಡುಮಗು ಹುಟ್ಟಿದರೆ ಮನೆಗೊಂದು ಕೋವಿ ಬಂದಿತೆಂದು ಎಣಿಸುತ್ತಿದ್ದರು. ಆಲಿವ್ ಕೊಯ್ಲಿನ ಕಾಲದಲ್ಲಿ ಮಾತ್ರ ಕದನಕ್ಕೆ ವಿರಾಮ. ಸತ್ತವರಿಗಾಗಿ ಹೆಂಗಸರು ಕಟ್ಟಿ ಹಾಡಿದ ಶೋಕಗೀತಗಳು ಈ ಪ್ರಾಂತದ ದೊಡ್ಡ ಸಾಹಿತ್ಯಸಂಪತ್ತು. ಗೋಪುರಗಳ ಕತೆಯನ್ನು ಗಂಡಸರು ಕಲ್ಲಿನಲ್ಲಿ ಬರೆದರೆ, ಅದರ ಬೆಲೆಯನ್ನು ಹೆಂಗಸರು ಹಾಡಿನಲ್ಲಿ ಬರೆದರು.

ಈ ಕದನಶೀಲರೇ 1821ರ ಮಾರ್ಚಿಯಲ್ಲಿ ತಮ್ಮ ವೈರಗಳನ್ನು ಬದಿಗಿರಿಸಿ, ಪೆತ್ರೊಬೇ ಮಾವ್ರೊಮಿಖಾಲಿಸನ ನಾಯಕತ್ವದಲ್ಲಿ ತುರುಕರ ಆಳ್ವಿಕೆಯ ವಿರುದ್ಧ ಎದ್ದು ಕಲಮಾಟಾ ನಗರವನ್ನು ಹಿಡಿದರು. ಸ್ವಾತಂತ್ರ್ಯ ಬಂದರೂ ಸ್ವಭಾವ ಬಿಡಲಿಲ್ಲ. ಹೊಸ ರಾಷ್ಟ್ರದ ಅಧಿಪತಿ ಕಪೊಡಿಸ್ಟ್ರಿಯಾಸನು ಪೆತ್ರೊಬೇಯನ್ನು ಸೆರೆಯಲ್ಲಿಟ್ಟದ್ದಕ್ಕೆ 1831ರಲ್ಲಿ ಆ ಮನೆತನದ ಇಬ್ಬರು ನಾಫ್‌ಪ್ಲಿಯೊ ಪಟ್ಟಣದ ಚರ್ಚಿನ ಬಾಗಿಲಲ್ಲೇ ಅವನನ್ನು ಕೊಂದರು. ಬಳಿಕ ಬಂದ ಆಟೊ ರಾಜನ ಸರ್ಕಾರ ಗೋಪುರಗಳನ್ನು ಕೆಡಹಲು 1834ರಲ್ಲಿ ಬವೇರಿಯದ ಸೈನಿಕರನ್ನು ಕಳುಹಿಸಿತು. ಅವರು ಸೋತು ಹಿಂದಿರುಗಬೇಕಾಯಿತು.

ಸೈನ್ಯ ಕೆಡಹಲಾರದ ಗೋಪುರಗಳನ್ನು ಬಡತನ ಬರಿದುಮಾಡಿತು. ಜನರು ಪಿರೇಯಸ್ ಬಂದರಿಗೂ ಅಮೆರಿಕ, ಆಸ್ಟ್ರೇಲಿಯಗಳಿಗೂ ಹೊಟ್ಟೆಪಾಡಿಗಾಗಿ ಹೊರಟುಹೋದರು. ಗುಡ್ಡದ ನೆತ್ತಿಯ ವಾಥಿಯಾ ಗ್ರಾಮದಲ್ಲಿ ಗೋಪುರಗಳು ಗುಂಪುಗುಂಪಾಗಿ ನಿಂತವು. ದೀಪ ಹಚ್ಚುವವರು ಉಳಿಯಲಿಲ್ಲ. 1975ರಲ್ಲಿ ಆರಂಭವಾದ ಸರ್ಕಾರಿ ಯೋಜನೆಯೊಂದರಲ್ಲಿ ಪ್ರವಾಸೋದ್ಯಮ ಸಂಸ್ಥೆಯು ಅಲ್ಲಿಯ ಕೆಲವು ಮನೆಗಳನ್ನು ಜೀರ್ಣೋದ್ಧಾರ ಮಾಡಿ ಅತಿಥಿಗೃಹಗಳನ್ನು ತೆರೆಯಿತು. ಕೆಲವು ಕಾಲ ನಡೆದು ಅವೂ ಮುಚ್ಚಿದವು.

ಈಗ ಕಡಲ ದಡದ ಆಲಿವ್ ತೋಪುಗಳ ನಡುವೆ ಹೊಸ ಗೋಪುರಗಳು ಏಳುತ್ತಿವೆ. ಹೊರಗೆ ಅದೇ ಕಲ್ಲು, ಅದೇ ಚೌಕಾಕಾರ. ಒಳಗೆ ಬಹುಮಟ್ಟಿಗೆ ಕಾಂಕ್ರೀಟಿನ ಚೌಕಟ್ಟು, ತಂಪು ಗಾಳಿಯ ಯಂತ್ರ, ಕಿಂಡಿಯಿದ್ದೆಡೆ ನೆಲದಿಂದ ಸೂರಿನವರೆಗೆ ಗಾಜು, ಅಂಗಳದಲ್ಲಿ ಈಜುಕೊಳ. ಹಿಂದೆ ಗೋಪುರ ಕಟ್ಟುವ ಹಕ್ಕು ಬಲಿಷ್ಠ ಕುಲಗಳಿಗೆ ಮಾತ್ರ ಇತ್ತು. ಇಂದೂ ಅದು ಬಲವುಳ್ಳವರಿಗೇ ಸಲ್ಲುತ್ತದೆ, ಬಲ ಹಣದ್ದು ಎಂಬುದಷ್ಟೇ ಭೇದ.

ಇದನ್ನು ಬರಿಯ ಅಣಕವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಕಲ್ಲುಕುಟಿಗನಿಗೆ ಕೆಲಸ, ಊರಿನ ತರುಣನಿಗೆ ಊರಲ್ಲೇ ಅನ್ನ, ಹಳೆಯ ರೂಪಕ್ಕೆ ಹೊಸ ಗೌರವ ಇದರಿಂದ ದೊರೆಯಬಹುದು. ಆದರೆ ಹನಿ ನೀರನ್ನು ತೊಟ್ಟಿಯಲ್ಲಿ ಕಾಪಾಡಿದವರ ನೆಲದಲ್ಲಿ ಮನೆಗೊಂದು ಈಜುಕೊಳ ಬೇಕೆ? ಅನುಕರಣೆ ಕಲ್ಲಿನ ಬಣ್ಣಕ್ಕೇ ನಿಂತು, ಆ ಕಲ್ಲನ್ನಿಟ್ಟವರ ಮಿತವ್ಯಯವನ್ನು ಮರೆತರೆ ಉಳಿಯುವುದು ವೇಷ ಮಾತ್ರ.

ಇಂಗ್ಲಿಷ್ ಲೇಖಕ ಪ್ಯಾಟ್ರಿಕ್ ಲೀ ಫರ್ಮರ್ ಈ ಪ್ರಾಂತವನ್ನು ಕಾಲ್ನಡಿಗೆಯಲ್ಲಿ ಸುತ್ತಿ 1958ರಲ್ಲಿ ‘ಮಾನಿ’ ಎಂಬ ಗ್ರಂಥವನ್ನು ಪ್ರಕಟಿಸಿದರು. ಗೋಪುರಗಳನ್ನು ಅವರಷ್ಟು ಮೆಚ್ಚಿ ಬರೆದವರು ವಿರಳ. ಆದರೂ 1960ರ ದಶಕದಲ್ಲಿ ಕಾರ್ದಮಿಲಿ ಗ್ರಾಮದ ಬಳಿ ತಮಗೆ ಮನೆ ಕಟ್ಟಿಸಿದಾಗ ಅವರು ಗೋಪುರವನ್ನೆತ್ತಲಿಲ್ಲ. ಸ್ಥಳೀಯ ಕುಶಲಿಗಳ ಕೈಯಿಂದ, ಅಲ್ಲಿಯದೇ ಕಲ್ಲಿನಲ್ಲಿ, ಮರಗಳ ನಡುವೆ ತಗ್ಗಾದ ಮನೆಯನ್ನು ಕಟ್ಟಿಸಿ ಬಾಳಿದರು. 2011ರಲ್ಲಿ ಅವರು ತೀರಿಕೊಂಡ ಬಳಿಕ ಅದು ಅವರ ಇಚ್ಛೆಯಂತೆ ಅಥೆನ್ಸಿನ ಬೆನಾಕಿ ವಸ್ತುಸಂಗ್ರಹಾಲಯದ ವಶಕ್ಕೆ ಬಂದಿತು.

ಅವರಿಗೆ ಅಲ್ಲಿ ಯಾರೊಡನೆಯೂ ವೈರವಿರಲಿಲ್ಲ. ಆದುದರಿಂದ ಗೋಪುರ ಬೇಕಾಗಲಿಲ್ಲ. ಊರು, ಕಲ್ಲು, ಕುಶಲಿ ಬೇಕಾಗಿದ್ದರು. ಮಾನಿಯಲ್ಲಿ ಹೊಸದಾಗಿ ಕಟ್ಟುವವರು ಮೊದಲು ನೋಡಬೇಕಾದ ಮನೆ ಬಹುಶಃ ಅದೇ.