ಜಲಪಾತಕ್ಕೂ ಬೀಗ ಜಡಿಯಬೇಕೆ?

ಕಳೆದ ಶ್ರಾವಣದಲ್ಲಿ ನಾವು ನಾಲ್ಕು ಮನೆಯವರು, ಮಕ್ಕಳು ಮುದುಕರೆಲ್ಲ ಸೇರಿ ಹದಿನೇಳು ಮಂದಿ, ಘೋಟಿಯ ಕಡೆಗೆ ಒಂದು ದಿನದ ವನವಿಹಾರಕ್ಕೆ ಹೋಗಿ ಬಂದೆವು. ಕಸಾರಾ ಘಾಟಿಯನ್ನೇರಿ, ಇಗತಪುರಿಯ ಮಂಜಿನೊಳಗೆ ನುಗ್ಗಿ, ಘೋಟಿಯ ಅಕ್ಕಿ ಗಿರಣಿಗಳ ಮಗ್ಗುಲಲ್ಲಿ ಗಾಡಿ ನಿಲ್ಲಿಸಿ ಚಹಾ ಕುಡಿದು, ಭಂಡಾರದರಾದ ರಸ್ತೆ ಹಿಡಿದೆವು. ಎರಡೂ ಕಡೆ ನಾಟಿ ಮುಗಿದ ಭತ್ತದ ಗದ್ದೆಗಳು. ರಸ್ತೆ ಬಿಟ್ಟು ಕಾಡೊಳಗೆ ಕಾಲು ಗಂಟೆ ನಡೆದರೆ ಒಂದು ಪುಟ್ಟ ಜಲಪಾತ. ಎತ್ತರ ಎರಡಾಳು, ಹೆಚ್ಚೆಂದರೆ ಮೂರಾಳು. ಕೆಳಗೆ ಮಕ್ಕಳ ಮೊಣಕಾಲು ಮುಳುಗುವಷ್ಟು ನೀರಿನ ಒಂದು ಗುಂಡಿ. ಮರಾಠಿಯಲ್ಲಿ ಇದಕ್ಕೆ ಧಬಧಬಾ ಎನ್ನುತ್ತಾರೆ. ನಮ್ಮ ಬೆಳಗಾವಿ, ಧಾರವಾಡದ ಕಡೆಯವರು ದಬದಬೆ ಎನ್ನುವುದೂ ಇದನ್ನೇ. ನೀರು ಎರಡು ಭಾಷೆಗಳಿಗೂ ಒಂದೇ ಹೆಸರು ಕಲಿಸಿದೆ.

ಜಲಪಾತದ ಹೆಸರನ್ನು ಇಲ್ಲಿ ಬರೆದಿಲ್ಲವೆಂದು ವಾಚಕರು ಆಕ್ಷೇಪಿಸಬಾರದು. ಬರೆದರೆ ಮುಂದಿನ ಭಾನುವಾರ ಅಲ್ಲಿ ನೂರು ಕಾರು ನಿಂತಿರುತ್ತವೆ. ಅದೂ ಅಲ್ಲದೆ, ನಮ್ಮ ತಕರಾರು ಒಂದು ಜಲಪಾತದ್ದಲ್ಲ.

ನಮ್ಮ ಜೊತೆಗಿದ್ದ ಶಿರಸಿಯ ಹಿರಿಯರೊಬ್ಬರು ನೋಡಿದ ಕೂಡಲೇ, ‘ಇದೇನು ಮಹಾ! ನಮ್ಮನೆ ತೋಟದ ಹಿಂದಿನ ಅಬ್ಬಿ ಇದಕ್ಕಿಂತ ದೊಡ್ಡದು’ ಎಂದುಬಿಟ್ಟರು. ಹೊರನಾಡಿನ ಕನ್ನಡಿಗರಾದ ನಮಗೆ ಇದೊಂದು ಚಾಳಿ. ಯಾವ ನೀರು ಕಂಡರೂ 830 ಅಡಿಯ ಜೋಗವನ್ನು ತಂದು ಪಕ್ಕದಲ್ಲಿ ನಿಲ್ಲಿಸುತ್ತೇವೆ. ಆದರೆ ಜೋಗದಲ್ಲಿ ಮೊಮ್ಮಗಳನ್ನು ಕಟಕಟೆಯ ಈಚೆ ಗಟ್ಟಿಯಾಗಿ ಹಿಡಿದುಕೊಂಡು ದೂರದಿಂದ ತೋರಿಸಬೇಕು. ಇಲ್ಲಿ ಅವಳು ನೀರೊಳಗೆ ಕೂತು, ತಲೆಯ ಮೇಲೆ ನೀರು ಬೀಳಿಸಿಕೊಂಡು ಕಿರುಚಬಹುದು. ದೊಡ್ಡ ಜಲಪಾತ ಕಣ್ಣಿಗೆ, ಚಿಕ್ಕ ಜಲಪಾತ ಮೈಗೆ. ಶಿರಸಿಯ ಆ ಹಿರಿಯರೇ ಪಂಚೆ ಮೇಲೆ ಕಟ್ಟಿ ಎರಡು ಗಂಟೆ ಕಾಲ ನೀರಲ್ಲಿ ಕಾಲಿಟ್ಟುಕೊಂಡು ಕುಳಿತಿದ್ದರೆಂಬುದನ್ನೂ ದಾಖಲಿಸಬೇಕು.

ಹದಿನೈದು ದಿನಗಳ ನಂತರ ನಮ್ಮ ಮಾತು ಕೇಳಿ ಹೊರಟ ಇನ್ನೊಂದು ಕುಟುಂಬಕ್ಕೆ ಕಾಲುದಾರಿಯ ಬಾಯಲ್ಲೇ ಅಡ್ಡ ಬಿದಿರು, ಮೇಲೊಂದು ಹಲಗೆ: ಪ್ರವೇಶ ನಿಷೇಧ. ಬುತ್ತಿಯ ಚಿತ್ರಾನ್ನ ಮೊಸರನ್ನಗಳನ್ನು ಗಾಡಿಯಲ್ಲೇ ತಿಂದು ಹಿಂತಿರುಗಿದರಂತೆ. ಅವರ ಕಣ್ಣೆದುರಿನಲ್ಲೇ ನಾಲ್ವರು ಯುವಕರು, ಕೈಯಲ್ಲಿ ಶೀಸೆಗಳ ಚೀಲ ಹಿಡಿದು, ಬಿದಿರಿನ ಪಕ್ಕದ ಪೊದೆಯಿಂದ ನುಸುಳಿ ಒಳಗೆ ಹೋದರಂತೆ.

ನಿಷೇಧಕ್ಕೆ ಕಾರಣವಿಲ್ಲವೆಂದು ನಾವು ಹೇಳುವುದಿಲ್ಲ. 2024ರ ಜೂನ್ 30ರಂದು ಲೋಣಾವಳದ ಭೂಶಿ ಅಣೆಕಟ್ಟಿನ ಹಿಂದಿನ ಜಲಪಾತದಲ್ಲಿ ಒಂದೇ ಕುಟುಂಬದ ಐವರು, ಚಿಕ್ಕ ಮಕ್ಕಳೂ ಸೇರಿ, ಒಬ್ಬರನ್ನೊಬ್ಬರು ಹಿಡಿದುಕೊಂಡೇ ಕೊಚ್ಚಿಹೋದದ್ದನ್ನು ಇಡೀ ದೇಶ ಫೋನಿನಲ್ಲಿ ನೋಡಿತು. ಮುಂದಿನ ತಿಂಗಳೇ ರಾಯಗಡ ಜಿಲ್ಲೆಯ ಕುಂಭೆ ಜಲಪಾತದಲ್ಲಿ ವಿಡಿಯೋ ತೆಗೆಯಲು ಹೋದ ಮುಂಬಯಿಯ ತರುಣಿ ಕಣಿವೆಗೆ ಬಿದ್ದು ಸತ್ತಳು. ಅದಕ್ಕೂ ಹಿಂದಿನ ವರ್ಷ, 2023ರ ಜುಲೈನಲ್ಲಿ, ಕೊಲ್ಲೂರಿನ ಹತ್ತಿರದ ಅರಶಿನಗುಂಡಿಯಲ್ಲಿ ಬಂಡೆಯ ಮೇಲೆ ನಿಂತ ಯುವಕನೊಬ್ಬ ಜಾರಿಹೋದ. ಇಂಥ ಸಾವುಗಳಾದ ಮೇಲೆ ಅಧಿಕಾರಿಗಳು ಕೈಕಟ್ಟಿ ಕೂರಲಾಗದು, ನಿಜ. ಆದರೆ ಕೂರದೇ ಮಾಡಿದ್ದೇನು? ಕಚೇರಿಯಲ್ಲಿ ಕುಳಿತು ಒಂದು ಆದೇಶ ಹೊರಡಿಸಿದರು. ಕಣಿವೆಯ ಅಂಚಿಗೂ ಮೊಣಕಾಲುದ್ದದ ಗುಂಡಿಗೂ ಒಂದೇ ಕಾಗದ, ಒಂದೇ ಮೊಹರು.

ಚಿಕ್ಕ ನೀರು ಅಪಾಯವಿಲ್ಲದ್ದೆಂದೂ ತಿಳಿಯಬಾರದು. ನಾವಿರುವಲ್ಲಿ ಬಿಸಿಲಿದ್ದರೂ ಮೇಲಿನ ಗುಡ್ಡದಲ್ಲಿ ಸುರಿದ ಮಳೆ ಕೆಲವೇ ನಿಮಿಷಗಳಲ್ಲಿ ಹಳ್ಳಕ್ಕಿಳಿದು ಬರುತ್ತದೆ. ಅದನ್ನು ನಮಗೆ ತಿಳಿಸಿದ್ದು ಹಲಗೆಯಲ್ಲ, ದಾರಿಬದಿಯಲ್ಲಿ ಕೆಂಡದ ಮೇಲೆ ಭುಟ್ಟಾ ಸುಡುತ್ತಿದ್ದ ಒಬ್ಬ ಮುದುಕಿ. ನಾವು ‘ಮಾವಶಿ, ನೀರಿಗಿಳಿಯಬಹುದೇ?’ ಎಂದು ಕೇಳಿದಾಗ ಆಕೆ ಎದ್ದು ನಿಂತು, ಗುಡ್ಡದ ಕಡೆ ಕೈ ಅಡ್ಡ ಹಿಡಿದು ನೋಡಿ, ‘ಈಗ ಹೋಗಿ. ನೀರು ಕೆಂಪಾದರೆ, ಕಸಕಡ್ಡಿ ತೇಲಿ ಬಂದರೆ, ಸದ್ದು ಬದಲಾದರೆ, ಚಪ್ಪಲಿ ಹುಡುಕುತ್ತ ನಿಲ್ಲಬೇಡಿ, ಮಕ್ಕಳನ್ನೆತ್ತಿಕೊಂಡು ಮೇಲೆ ಬಂದುಬಿಡಿ’ ಎಂದಳು. ಮೂರು ಗುರುತು, ಒಂದು ಬುದ್ಧಿಮಾತು. ಸರಕಾರದ ಯಾವ ಫಲಕದಲ್ಲೂ ಇಷ್ಟು ಪ್ರಯೋಜನದ ಮಾತು ನಾವು ಓದಿಲ್ಲ. ಬಿದಿರು ಅಡ್ಡ ಕಟ್ಟಿದ ದಿನ ಆಕೆಯ ಭುಟ್ಟಾ ವ್ಯಾಪಾರವೂ ನಿಂತಿತು. ಅಂದರೆ ಎಚ್ಚರ ಹೇಳುವವಳು ಮನೆಗೆ ಹೋದಳು, ಕುಡುಕರು ಒಳಗೆ ಹೋದರು. ಇದಕ್ಕೆ ಸುರಕ್ಷತೆ ಎಂದು ಹೆಸರು!

ಇನ್ನೊಂದು ಮಾತು. ನಮ್ಮ ಮೊಮ್ಮಗಳು ಕೇಳಿದಳು: ‘ಅಜ್ಜಾ, ಈ ನೀರೆಲ್ಲ ಎಲ್ಲಿಗೆ ಹೋಗ್ತದೆ?’ ಆ ಹಳ್ಳ ದಾರಣಾ ನದಿಗೆ, ಅಲ್ಲಿಂದ ಗೋದಾವರಿಗೆ, ಪೈಠಣದ ಜಾಯಕವಾಡಿಗೆ, ಕೊನೆಗೆ ಬಂಗಾಲ ಉಪಸಾಗರಕ್ಕೆ. ಬರಗಾಲದ ವರ್ಷಗಳಲ್ಲಿ ದಾರಣಾದ ನೀರನ್ನು ಮರಾಠವಾಡಾಕ್ಕೆ ಬಿಡುವ ವಿಷಯದಲ್ಲಿ ನಾಸಿಕದವರಿಗೂ ಸಂಭಾಜಿನಗರದವರಿಗೂ ನಡೆಯುವ ಜಗಳ ಕಂಡರೆ ನಮಗೆ ಕಾವೇರಿಯ ನೆನಪಾಗದಿರದು. ಆದರೆ ಅದೇ ಘೋಟಿಯ ಪಶ್ಚಿಮಕ್ಕೆ ಹೋದರೆ ಮೇಲಣ ವೈತರಣಾ ಜಲಾಶಯ. ಅಲ್ಲಿ ಬಿದ್ದ ಮಳೆ ಅರಬ್ಬೀ ಸಮುದ್ರದ ಕಡೆಯದು, ಮುಂಬಯಿಯ ನಲ್ಲಿಯದು. ಜುಲೈ ತಿಂಗಳಲ್ಲಿ ಪತ್ರಿಕೆಗಳು ದಿನದಿನವೂ ಅಚ್ಚುಹಾಕುವ ಏಳು ಸರೋವರಗಳ ಪಟ್ಟಿಯಲ್ಲಿ ಅದೂ ಒಂದು. ಆ ಪಟ್ಟಿ ತುಂಬಿತೆಂದು ನಾವು ಸಂತೋಷಪಡುತ್ತೇವೆ, ಸರಿ. ಆದರೆ ಮೇ ತಿಂಗಳಲ್ಲಿ ಅದೇ ಇಗತಪುರಿ, ಶಹಾಪುರ ತಾಲೂಕುಗಳ ಪಾಡಾಗಳಲ್ಲಿ ಹೆಂಗಸರು ಕೊಡ ಹೊತ್ತು ಟ್ಯಾಂಕರಿಗೆ ಕಾಯುವ ಚಿತ್ರವನ್ನೂ ಅದೇ ಪತ್ರಿಕೆಗಳು ಅಚ್ಚುಹಾಕುತ್ತವೆ. ಅವರ ಮಳೆಯನ್ನು ನಾವು ವರ್ಷವಿಡೀ ಕುಡಿಯುತ್ತೇವೆ. ಭಾನುವಾರ ಹೋಗಿ ಥರ್ಮೋಕೋಲ್ ತಟ್ಟೆಗಳನ್ನು ಅವರ ಗದ್ದೆಗೆ ಎಸೆದು ಬರುತ್ತೇವೆ.

ಇದು ಬೇರೆಯವರಿಗೆ ಹೇಳುವ ಮಾತಲ್ಲ. ನಮ್ಮ ನಮ್ಮ ಸಂಘಗಳ ಪಿಕ್ನಿಕ್ ಮುಗಿದ ಮೇಲೆ ಬಸ್ಸು ನಿಂತ ಜಾಗವನ್ನು ಒಮ್ಮೆ ತಿರುಗಿ ನೋಡಿದ್ದೇವೆಯೇ? ಕನ್ನಡದ ಭಾವಗೀತೆಯನ್ನೇ ಆದರೂ ಕಾಡಿನೊಳಗೆ ಧ್ವನಿವರ್ಧಕ ಹಚ್ಚಿ ಕೇಳಿಸುವ ಅಗತ್ಯವೇನಿತ್ತು?

ಹಾಗಾದರೆ ಏನು ಮಾಡಬೇಕೆಂದು ಕೇಳಬಹುದು. ಬೀಗದ ಕೈಯನ್ನು ಊರಿನವರ ಕೈಗೆ ಕೊಡಿ ಎನ್ನುತ್ತೇವೆ. 2006ರ ಅರಣ್ಯ ಹಕ್ಕು ಕಾಯಿದೆ ಸಮುದಾಯದ ಅರಣ್ಯವನ್ನು ಕಾಪಾಡಿ ನಿರ್ವಹಿಸುವ ಹಕ್ಕನ್ನು ಗ್ರಾಮಸಭೆಗೆ ಕೊಟ್ಟಿದೆ. ತಲೆಗಿಷ್ಟೆಂದು ಹಣ ತೆಗೆದುಕೊಳ್ಳಲಿ. ಮಳೆಯ ದಿನ ಇಬ್ಬರು ಊರ ಹುಡುಗರು ಹಗ್ಗ, ಸೀಟಿ ಹಿಡಿದು ನಿಲ್ಲಲಿ. ನೀರು ಕೆಂಪಾದ ದಿನ ಅವರೇ ಬಿದಿರು ಅಡ್ಡ ಹಾಕಲಿ, ಆಗ ನಾವು ತುಟಿಪಿಟಕ್ಕೆನ್ನದೆ ಹಿಂತಿರುಗುತ್ತೇವೆ. ಹೆಂಗಸರಿಗೆ ಬಟ್ಟೆ ಬದಲಿಸಲು ನಾಲ್ಕು ತಟ್ಟಿಯ ಮರೆ, ಒಂದು ಶೌಚಾಲಯ ಬೇಕೇ ಬೇಕು. ಇದಿಲ್ಲದ ಕಾರಣ ನಮ್ಮ ಮನೆಯ ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯದೆ ಜಲಪಾತ ನೋಡುತ್ತಾರೆ. ಕುಟುಂಬ ಸಮೇತ ಬನ್ನಿ ಎಂದು ಜಾಹೀರಾತು ಕೊಡುವ ಪ್ರವಾಸೋದ್ಯಮದ ಧಣಿಗಳಿಗೆ ಇದು ಹೊಳೆದಂತಿಲ್ಲ.

‘ಹಣವೆಲ್ಲ ಯಾರೋ ಪುಢಾರಿಯ ಜೇಬಿಗೆ ಹೋಗುತ್ತದೆ’ ಎಂಬುದು ಗೆಳೆಯರೊಬ್ಬರ ವಾದ. ಹೋಗಲೂಬಹುದು. ಆದರೆ ಊರಿನ ಪುಢಾರಿಯ ಲೆಕ್ಕವನ್ನು ಊರಿನವರು ಗ್ರಾಮಸಭೆಯಲ್ಲಿ ಕೇಳಬಲ್ಲರು. ಅಡ್ಡ ಬಿದಿರಿನ ಲೆಕ್ಕವನ್ನು ಯಾರಲ್ಲಿ ಕೇಳುವುದು? ಇನ್ನು ಕೆಲವರ ಸಲಹೆ, ಸಿಮೆಂಟಿನ ಮೆಟ್ಟಿಲು, ಗಾಜಿನ ಸೇತುವೆ, ಬಣ್ಣದ ದೀಪ. ದಯವಿಟ್ಟು ಬೇಡ. 2025ರ ಜೂನ್‌ನಲ್ಲಿ ಇಗತಪುರಿಯಿಂದ ಈಚಿನ ಸಮೃದ್ಧಿ ಹೆದ್ದಾರಿಯೂ ತೆರೆದ ಮೇಲೆ ಘಾಟಿಯ ಕೆಳಗೆ ಸುಮಾರು ಎಂಟು ಕಿಲೋಮೀಟರಿನ ಸುರಂಗದಲ್ಲಿ ಕಾರುಗಳು ಕ್ಷಣದಲ್ಲಿ ದಾಟುತ್ತಿವೆ. ಬರುವವರು ಹೇಗೂ ಹೆಚ್ಚುತ್ತಾರೆ. ಎರಡಾಳೆತ್ತರದ ನೀರಿಗೆ ಇಪ್ಪತ್ತಾಳೆತ್ತರದ ಸಿಮೆಂಟು ಹೊರಿಸಬಾರದು.

ನಮ್ಮ ಕೈಲಾದದ್ದನ್ನು ನಾವು ಮಾಡಹೊರಟಿದ್ದೇವೆ. ಬರುವ ಮಳೆಗಾಲದ ವನವಿಹಾರಕ್ಕೆ ಒಂದೇ ಬಸ್ಸು, ನಲವತ್ತು ಜನ ಎಂದು ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ಸೂಚನೆ ಇಟ್ಟಿದ್ದೇವೆ. ಊರಿನವರನ್ನು ಮೊದಲೇ ಕಂಡು, ಅವರು ಒಪ್ಪಿದ ದಿನ ಮಾತ್ರ ಹೊರಡುವುದು. ಒಮ್ಮೆಗೆ ಹತ್ತು ಜನರಷ್ಟೇ ನೀರಿಗೆ. ಊಟ ಇಲ್ಲಿಂದ ಒಯ್ಯುವುದಿಲ್ಲ. ಅಲ್ಲಿಯ ಮನೆಗಳಲ್ಲೇ ಹಣ ಕೊಟ್ಟು ನಾಗಲಿ ಭಾಕರಿ, ಪಲ್ಯ ಮಾಡಿಸುವುದು. ನಾಗಲಿ ಎಂದರೆ ನಮ್ಮ ರಾಗಿಯೇ, ಮೈಸೂರಿನ ಕಡೆಯವರು ಹೆದರಬೇಕಾಗಿಲ್ಲ. ಬರಲಿಚ್ಛಿಸುವವರು ಸಂಘದ ಕಚೇರಿಯಲ್ಲಿ ಹೆಸರು ಬರೆಸಬಹುದು. ಶೀಸೆ ತರುವವರ ಹೆಸರು ಬರೆದುಕೊಳ್ಳುವುದಿಲ್ಲ.