ಪಿಕಪ್ ಗಾಡಿಯ ಮೆಟ್ಟಿಲು: ಹತ್ತುವವರೇ ಆರಿಸಲಿ



ಮನೆಗೆ ಪಿಕಪ್ ಗಾಡಿ ತರುವಾಗ ಇಂಜಿನ್, ಟೈರು, ಸಾಲದ ಕಂತು ಎಲ್ಲದರ ಮಾತೂ ಆಗುತ್ತದೆ. ಬಾಗಿಲ ಕೆಳಗಿನ ಮೆಟ್ಟಿಲಿನ ಮಾತು ಮಾತ್ರ ಬರುವುದಿಲ್ಲ. ಅದನ್ನು ಗಂಡಸರೇ ಅಂಗಡಿಗೆ ಹೋಗಿ, ಹೊಳೆಯುವುದನ್ನು ನೋಡಿ ಹಾಕಿಸಿಕೊಂಡು ಬರುತ್ತಾರೆ. ಪ್ಯಾಂಟು ತೊಟ್ಟವರಿಗೆ ಯಾವ ಮೆಟ್ಟಿಲಾದರೂ ನಡೆಯುತ್ತದೆ. ಒಂದು ಕೈಯಲ್ಲಿ ಸೀರೆಯ ನೆರಿಗೆ, ಇನ್ನೊಂದರಲ್ಲಿ ಹಾಲಿನ ಕ್ಯಾನು ಹಿಡಿದು ಹತ್ತುವವರು ನಾವು.

ನಮ್ಮ ಗಾಡಿಗೂ ಮೊದಲು ಹಾಕಿಸಿದ್ದು ದುಂಡು ಪೈಪಿನ ಸ್ಟೆಪ್ಪೇ. ನೋಡಲು ಚೆಂದ. ಹೋದ ಮಳೆಗಾಲದಲ್ಲಿ ಮೇವು ಕೊಯ್ದು ಬಂದು ಕೆಸರು ಚಪ್ಪಲಿಯಲ್ಲಿ ಅದರ ಮೇಲೆ ಕಾಲಿಟ್ಟೆ. ಜಾರಿ, ಮೊಣಕಾಲು ಬಾಗಿಲಿನ ಅಂಚಿಗೆ ಬಡಿಯಿತು. ಹದಿನೈದು ದಿನ ಕುಕ್ಕರಗಾಲಿನಲ್ಲಿ ಕೂತು ಹಾಲು ಕರೆಯಲಾಗಲಿಲ್ಲ. ಕೈ ಬದಲಾಗಿದ್ದಕ್ಕೆ ಹಸುವೂ ಪೂರ್ತಿ ಹಾಲು ಬಿಡಲಿಲ್ಲ. ಆ ಸಲದ ಬಟವಾಡೆ ಎಷ್ಟು ಬಂದಿರಬಹುದು, ನೀವೇ ಊಹಿಸಿ.

ದುಂಡು ಪೈಪಿನ ಮೇಲೆ ಪಾದ ಕೂರುವುದೇ ಇಲ್ಲ, ಒಂದು ಗೆರೆಯಷ್ಟು ಜಾಗಕ್ಕೆ ತಾಗಿರುತ್ತದೆ, ಅಷ್ಟೆ. ನಮಗೆ ಬೇಕಾದದ್ದು ಚಪ್ಪಟೆ ಹಲಗೆ, ಅಗಲ ಆರು ಇಂಚಾದರೂ ಇರಲಿ. ಉಬ್ಬು ಗೆರೆಯ ಚೆಕರ್ ಪ್ಲೇಟ್ ಪರವಾಗಿಲ್ಲ, ಆದರೆ ಗೆರೆಗಳ ನಡುವೆ ಸಗಣಿ, ಕೆಸರು ತುಂಬಿಕೊಂಡರೆ ಅದೂ ಜಾರುತ್ತದೆ. ನನ್ನ ಕೇಳಿದರೆ ತೂತು ಹೊಡೆದ ತಗಡೇ ವಾಸಿ. ಕೆಸರು ತೂತಿನಿಂದ ಕೆಳಗೆ ಬೀಳುತ್ತದೆ, ತೂತಿನ ಅಂಚು ಚಪ್ಪಲಿಯನ್ನು ಹಿಡಿಯುತ್ತದೆ. ಕೊನೆಯ ಮೂಲೆಗಳನ್ನು ಮಾತ್ರ ಉಜ್ಜಿ ದುಂಡಗೆ ಮಾಡಿಸಿ, ಇಲ್ಲದಿದ್ದರೆ ಸೀರೆ ಸಿಕ್ಕಿಕೊಳ್ಳುತ್ತದೆ.

ಎತ್ತರಕ್ಕೆ ನನ್ನ ಲೆಕ್ಕ ಸುಲಭ: ನೆಲದಿಂದ ಕ್ಯಾಬಿನ್ನಿನ ತಳಕ್ಕೆ ಅಳೆದು, ಅದರ ಅರ್ಧಕ್ಕೆ ಮೆಟ್ಟಿಲು. "ಅಷ್ಟು ಕೆಳಗಿಟ್ಟರೆ ಹೊಲದ ಬದುವಿಗೆ ಬಡಿಯುತ್ತದೆ" ಎಂದು ನಮ್ಮ ಯಜಮಾನರು ತಕರಾರು ತೆಗೆದರು. ಅದೂ ಸುಳ್ಳಲ್ಲ. ಲೋಡು ಹಾಕಿದರೆ ಗಾಡಿ ಕೂರುತ್ತದೆ. ಹಿಂಡಿ ಮೂಟೆ ತುಂಬಿದ ಗಾಡಿಯನ್ನೇ ನಿಲ್ಲಿಸಿ ಅಳೆದೆವು, ಎರಡು ಇಂಚು ಮೇಲಕ್ಕೆ ಒಪ್ಪಿಕೊಂಡೆ.

ಜೋಡಣೆ ಚಾಸಿಗೇ ಆಗಲಿ. ಬಾಡಿಯ ತೆಳು ತಗಡಿಗೆ ಕಟ್ಟಿದ್ದು ನಮ್ಮ ಭಾರ ಹೆಚ್ಚು ದಿನ ತಡೆಯುವುದಿಲ್ಲ. ಚಾಸಿಗೆ ವೆಲ್ಡಿಂಗ್ ಮಾಡುತ್ತೇನೆಂದರೆ ಬೇಡವೆನ್ನಿ. ಬೆಂಕಿ ತಾಗಿದ ಕಡೆ ಕಬ್ಬಿಣ ಬಲ ಕಳೆದುಕೊಳ್ಳುತ್ತದೆ. ಕ್ಲಾಂಪು, ಬೋಲ್ಟು ಸಾಕು, ಬಾಗಿದರೆ ಬಿಚ್ಚಿ ಬದಲಿಸಬಹುದು. ಮೆಟ್ಟಿಲು ಗಾಡಿಯ ಅಗಲ ಮೀರಿ ಹೊರಗೆ ಚಾಚಬಾರದು. ಬಾಗಿಲ ಪಕ್ಕ ಕೈ ಹಿಡಿಕೆ ಇಲ್ಲದಿದ್ದರೆ ಅದನ್ನೂ ಹಾಕಿಸಿ.

ಅಂಗಡಿಯವರು ಮುಂದಿನ ಬುಲ್ ಬಾರ್ ಸೇರಿಸಿ ಒಟ್ಟಿಗೆ ರೇಟು ಹೇಳಬಹುದು. ಮರುಳಾಗಬೇಡಿ. ಅದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ವಿರುದ್ಧ, ಕ್ರಮ ಕೈಗೊಳ್ಳಿ ಎಂದು 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆದಿದೆ. ಆ ಹಣ ಹಿಡಿಕೆಗೆ ಸಾಕು.

ಎರಡೂ ಕಡೆಗೆ ದುಡ್ಡು ಸಾಲದಿದ್ದರೆ ವೆಲ್ಡಿಂಗ್ ಅಂಗಡಿಯಲ್ಲಿ ಒಂದೇ ಕಡೆಗೆ ಮಾಡಿಸಬಹುದು. ಎಡಗಡೆಗೆ ಮೊದಲು ಹಾಕಿಸಿ, ನಾವು ಹತ್ತುವುದು ಆ ಬಾಗಿಲಿನಿಂದಲೇ. ಬೋಲ್ಟು ಬಿಗಿಯುವ ಮುಂಚೆ ನೀವೇ ಹೋಗಿ, ದಿನಾ ಉಡುವ ಸೀರೆಯಲ್ಲಿ, ದಿನಾ ಮೆಟ್ಟುವ ಚಪ್ಪಲಿಯಲ್ಲಿ ನಾಲ್ಕು ಸಲ ಹತ್ತಿ ಇಳಿದು ನೋಡಿ. ಗ್ಯಾರೇಜಿನ ಹುಡುಗರು ನಕ್ಕರೆ ನಗಲಿ.